ಜೀಪಿಗೆ ಪಿಕಪ್ ಬಂದ ಕಥೆ

ಅನಘಾ, ಪ್ರಣವ, ನಿಮ್ಮ ಅಜ್ಜಿ ಬಾಯಿ ಸತ್ತವಳು ಎಂದು ಊರಲ್ಲಿ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡಿ, ಅದು ನಿಜ. ಒಬ್ಬೊಬ್ಬರಿಗೆ ಒಂದೊಂದು ಕಡೆ ಕಟ್ಟಿಕೊಳ್ಳುತ್ತದೆ. ಕೆಲವರಿಗೆ ಮೂಗು, ಕೆಲವರಿಗೆ ಕಿವಿ, ನನಗೆ ಗಂಟಲು. ಮನೆಯಲ್ಲಿ ಬೆಕ್ಕಿನ ಹತ್ತಿರ ಗಂಟೆಗಟ್ಟಲೆ ಮಾತಾಡಿಯೇನು, ಹೊರಗಿನ ಗಂಡಸರು ನಾಲ್ಕು ಜನ ತಿರುಗಿ ನೋಡಿದರೆ ಮುಗಿಯಿತು. ಒಮ್ಮೆ ಕಾರವಾರದಿಂದ ಬಸ್ಸಿನಲ್ಲಿ ಬರುವಾಗ ನಮ್ಮ ಅವರ್ಸಾದಲ್ಲಿ ಇಳಿಯಬೇಕಿತ್ತು. 'ಇಲ್ಲೇ ನಿಲ್ಸಿ' ಎಂಬ ಎರಡು ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬಾಯಿಪಾಠ ಮಾಡಿದೆ. ಅವು ಹೊರಗೆ ಬರುವಷ್ಟರಲ್ಲಿ ಬಸ್ಸು ಅಂಕೋಲೆ ಸ್ಟ್ಯಾಂಡಿನಲ್ಲಿ ನಿಂತಿತ್ತು. ಅಲ್ಲಿಂದ ವಾಪಸು ಬರುವಾಗ ಮಾತು ಹಾರವಾಡದಲ್ಲಿ ಬಂತು. ಮೊದಲಿಗಿಂತ ಸುಧಾರಣೆಯೇ ಅನ್ನಿ, ಆದರೆ ಆಗಲೂ ಅವರ್ಸಾ ದಾಟಿ ಹೋಗಿತ್ತು.

ಇಂಥವಳಿಗೆ ನಮ್ಮ ಜೀಪು ಎಂದರೆ ಎಷ್ಟು ಪ್ರೀತಿ ಎಂದು ನಿಮಗೆ ಅರ್ಥವಾಗಬೇಕು. ರೈಲುದಾರಿಯ ಕೆಲಸ ಮುಗಿಸಿ ಹೊರಟ ಕಂಟ್ರಾಕ್ಟರನೊಬ್ಬನಿಂದ ನಿಮ್ಮ ಅಜ್ಜ ಅದನ್ನು ಕೊಂಡಿದ್ದರು. ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೋಗಬಾರದೆಂದು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಮುಂದಿನ ಗಾಜಿನ ಪಕ್ಕದಲ್ಲಿ ಛಾವಣಿಯವರೆಗೆ ಎತ್ತಿ ನಿಲ್ಲಿಸಿದ್ದರು, ಆನೆ ಸೊಂಡಿಲು ಎತ್ತಿದ ಹಾಗೆ. ಅಜ್ಜ ಹೋದ ಮೇಲೆ ನನ್ನ ಮೈದುನ ವೆಂಕಟು ಓಡಿಸುತ್ತಿದ್ದ. ಭಾನುವಾರದ ಸಂತೆಗೆ ನಾನು ಮುಂದಿನ ಸೀಟಿನಲ್ಲಿ ಕೂತು ಕಾರವಾರಕ್ಕೆ ಹೋಗಿಬರುವುದು. ಎಲ್ಲಿ ಇಳಿಯಬೇಕೆಂದು ಯಾರಿಗೂ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಸುಖವನ್ನು ನಾನು ದೇವರಲ್ಲಿ ಕೇಳಿದವಳಲ್ಲ.

ತೊಂದರೆ ಇದ್ದದ್ದು ಬಿಣಗಾ ಘಟ್ಟದಲ್ಲಿ. ಆಗ ಅದಿರು ಲಾರಿಗಳ ಕಾಲ. ಬಂದರಿಗೆ ಹೋಗುವ ಲಾರಿಗಳು ಕೆಂಪು ಧೂಳು ಉದುರಿಸುತ್ತ ಇರುವೆ ಸಾಲಿನಂತೆ ಘಟ್ಟ ಹತ್ತುತ್ತಿದ್ದವು. ಅವುಗಳನ್ನು ಹಿಂದೆ ಹಾಕುವ ಶಕ್ತಿ ನಮ್ಮ ಜೀಪಿಗೆ ಇರಲಿಲ್ಲ. ಬಿಳಿ ಸೀರೆ ಉಟ್ಟು ಹೊರಟರೆ ಕಾರವಾರ ಮುಟ್ಟುವಾಗ ಕಾವಿ ಉಟ್ಟವರ ಹಾಗೆ ಕಾಣುತ್ತಿದ್ದೆ. ಕಾರವಾರದಲ್ಲಿ ನೌಕರಿಯಲ್ಲಿದ್ದ ನಿಮ್ಮ ಅಪ್ಪ ಒಂದು ದಿನ, "ಆಯಿ, ಇದು ಜೀಪಲ್ಲ, ಹೊಗೆ ಬಿಡೂ ಎಮ್ಮೆ. ಸದಾಶಿವಗಡದಲ್ಲಿ ಒಬ್ರು ಕೇಳ್ತಾ ಇದ್ರು. ಮಾರೂದೇ ಸೈ," ಅಂದ.  ನನ್ನ ಕಣ್ಣ ಮುಂದೆ ಬಸ್ಸಿನ ಕಂಡಕ್ಟರು ಬಂದು ನಿಂತ. "ಘಟ್ಟ ಸರಿಯಾಗಿ ಹತ್ತಿದ್ರೆ?" ಎಂದು ಮೆಲ್ಲಗೆ ಕೇಳಿದೆ. ಅವನು ನಕ್ಕ. "ಘಟ್ಟದಲ್ಲಿ ಒಂದೇ ಒಂದು ಅದಿರು ಲಾರಿ ಹಿಂದೆ ಹಾಕಿ ತೋರ್ಸು, ಮಾರೂದಿಲ್ಲ. ಬರೂ ಭಾನುವಾರ ನೋಡ್ವ." ಸಂತೆ ಮುಗಿಸಿ ಹಾಗೆಯೇ ಸದಾಶಿವಗಡಕ್ಕೆ ಹೋಗಿ ಜೀಪು ತೋರಿಸುವುದೆಂದು ಅವನು ಫೋನೂ ಮಾಡಿಬಿಟ್ಟ.

ಅಂಕೋಲೆಯಲ್ಲಿ ಇನಾಸ ಎಂಬ ಮೆಕ್ಯಾನಿಕ್ ಇದ್ದ, ಕಾರವಾರ ಕಡೆಯವನು, ಹೆಂಗಸರನ್ನೆಲ್ಲ 'ಬಾಯಿ' ಎಂದೇ ಕರೆಯುವವನು. ವೆಂಕಟು ನನ್ನನ್ನು ಅವನ ಗ್ಯಾರೇಜಿಗೆ ಕರೆದುಕೊಂಡು ಹೋದ. "ನೀನೇ ಹೇಳು ಮಾರಾಯ," ಎಂದು ನಾನು ಅಂದರೆ, "ಜೀಪು ನಿಂದು, ಮಾತೂ ನಿಂದೇ ಅತ್ತಿಗೆ," ಎಂದು ಬೀಡಿ ಹಚ್ಚಲು ಹೊರಗೆ ಹೋದ. ನಾನು ಒಳಗೆ ಕಾಲಿಟ್ಟ ಕೂಡಲೇ ಸ್ಪ್ಯಾನರ್ ಹಿಡಿದವರೆಲ್ಲ ತಿರುಗಿ ನೋಡಿದರು. ನಾನು, "ಕುಡೂಕೆ ನೀರು ಸಿಗ್ತದಾ?" ಎಂದು ಕೇಳಿ, ಕೊಟ್ಟ ನೀರು ಕುಡಿದು, ಹೊರಗೆ ಬಂದೆ. ವೆಂಕಟು ಬೀಡಿ ಇನ್ನೂ ಹಚ್ಚಿಯೂ ಇರಲಿಲ್ಲ. ಮತ್ತೆ ಒಳಗೆ ದೂಡಿದ. ಈ ಸಲ ನೆಲ ನೋಡುತ್ತ, "ಜೀಪು ಲಾರಿ ಹಿಂದೆ ಹಾಕ್ಬೇಕು," ಅಂದೆ. ಇನಾಸ ಕೈ ಒರೆಸಿಕೊಳ್ಳುತ್ತ, "ಹಾಂಗೆ ಹೇಳಿ ಬಾಯೀ. ಪಿಕಪ್ ಬೇಕು. ಮತ್ತೆ ನೀರು ಕೇಳ್ದ್ರಲ್ಲ?" ಅಂದ.

ಅದು ಟರ್ಬೊ ಡೀಸೆಲ್ ಎಂಜಿನ್ನು ಎಂದು ನನಗೆ ಗೊತ್ತಾದದ್ದು ಆ ದಿನ. ಇನಾಸ ವಿವರಿಸಿದ್ದು ನನಗೆ ಅರ್ಥವಾದದ್ದು ಹೀಗೆ: ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗುತ್ತ ಒಂದು ಸಣ್ಣ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿಗೆ ಊದುತ್ತದೆ. ಸೊಸೆಯ ನಿಟ್ಟುಸಿರಿನಲ್ಲೇ ಒಲೆ ಊದಿಸಿಕೊಳ್ಳುವ ಅತ್ತೆಯ ಹಾಗೆ. ಈ ಉಪಾಯ ಕಂಡುಹಿಡಿದವನು ಖಂಡಿತ ಕೂಡುಕುಟುಂಬದವನು. ಇನಾಸ ಸೀಳಿದ್ದ ರಬ್ಬರ್ ಪೈಪು ಬದಲಿಸಿದ, ಕೆಂಪು ಇಟ್ಟಿಗೆಯಾಗಿದ್ದ ಏರ್ ಫಿಲ್ಟರ್ ತೆಗೆದು ಹೊಸದು ಹಾಕಿದ, ಕೊನೆಗೆ ಡೀಸೆಲ್ ಪಂಪಿನ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿದ. ನಾನು ಒಗ್ಗರಣೆಗೆ ಇಂಗು ಹಾಕುವಾಗಲೂ ಅಷ್ಟು ಉಸಿರು ಹಿಡಿದವಳಲ್ಲ. "ನೋಡಿ ಬಾಯೀ, ಡೀಸೆಲ್ ಜಾಸ್ತಿ ಕೊಟ್ಟಿದ್ದೆ. ಇನ್ನು ಗಾಳಿಯೂ ಜಾಸ್ತಿ ಬೇಕು. ಗಾಳಿ ಚೊಕ್ಕ ಇರ್ಬೇಕು," ಎಂದು ಎಚ್ಚರಿಸಿದ. ವಾಪಸು ಬರುವಾಗ ಜೀಪು ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ಆ ವಯಸ್ಸಿನಲ್ಲಿ ನನ್ನ ನೋಡಿ ಶಿಳ್ಳೆ ಹಾಕಿದ್ದು ಅದೊಂದೇ.

ಗಾಳಿ ಚೊಕ್ಕ ಇರಬೇಕು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಘಟ್ಟದ ತುಂಬ ಅದಿರಿನ ಧೂಳು, ಸಾಲದ್ದಕ್ಕೆ ಮಳೆಗಾಲದ ಮೋಡ. ಗಾಳಿ ಕೊಳವೆಯ ಆ ಸೊಂಡಿಲಿನ ಬಾಯಿ ನೋಡಿದರೆ ತೆರೆದೇ ಇದೆ. ಭಾನುವಾರ ಬೆಳಿಗ್ಗೆ ಯಾರೂ ಏಳುವ ಮೊದಲು, ಉಪ್ಪಿನಕಾಯಿ ಭರಣಿಗೆ ಕಟ್ಟುವ ದಪ್ಪ ಬಟ್ಟೆಯನ್ನು ಮಡಿಕೆ ಮಾಡಿ, ಸ್ಟೂಲ್ ಹತ್ತಿ, ಸೊಂಡಿಲಿನ ಬಾಯಿಗೆ ಹಾಕಿ ದಾರದಿಂದ ಬಿಗಿದೆ. ನಾನು ಬಟ್ಟೆ ಕಟ್ಟಿದ ಭರಣಿಗೆ ಇದುವರೆಗೆ ಹುಳ ಬಿದ್ದದ್ದಿಲ್ಲ.

ಹಿಂದಿನ ಸೀಟಿನಲ್ಲಿ ಇಶಾಡು ಮಾವಿನ ಬುಟ್ಟಿಗಳ ನಡುವೆ ನಿಮ್ಮ ಅಪ್ಪ ಮತ್ತು ಇನಾಸ. ತನ್ನ ಕೆಲಸ ಕಣ್ಣಾರೆ ನೋಡಬೇಕೆಂದು ಇನಾಸ ತಾನೂ ಹತ್ತಿದ್ದ. ಸಪಾಟು ರಸ್ತೆಯಲ್ಲಿ ಜೀಪು ಚೆನ್ನಾಗಿಯೇ ಓಡಿತು. ಚೆಂಡಿಯಾ ಹತ್ತಿರ ಒಂದು ಮಳೆ ಬಡಿಯಿತು. ನಾನು ಒಳಗೊಳಗೇ ಬೀಗಿದೆ, ನೋಡಿ, ಬಟ್ಟೆ ಕಟ್ಟಿದ್ದು ಎಷ್ಟು ಒಳ್ಳೆಯದಾಯಿತು ಎಂದು. ಘಟ್ಟ ಶುರುವಾಯಿತು. ಮುಂದೆ ಲಾರಿ. ವೆಂಕಟು ಕಾಲು ಒತ್ತಿದ. ಜೀಪು ಮುಂದೆ ಹೋಗುವ ಬದಲು ಕೆಮ್ಮಿತು. ಹಿಂದಿನಿಂದ ಕಾಡಿಗೆಯಂಥ ಹೊಗೆ. ಮೀನು ಬುಟ್ಟಿ ಕಟ್ಟಿಕೊಂಡ ಸ್ಕೂಟರಿನವನೊಬ್ಬ ಪಕ್ಕದಲ್ಲಿ ಹಾಯುತ್ತ, "ದೂಡ್ಬೇಕನ್ರೋ?" ಎಂದು ಕೇಳಿಹೋದ. "ನೋಡ್ದ್ಯಾ ಆಯಿ, ಎಮ್ಮೆಗೆ ಕಟ್ಟಿದ ದುಡ್ಡೂ ಹೋಯ್ತು," ಎಂದು ನಿಮ್ಮ ಅಪ್ಪ. ಇನಾಸನ ಮುಖ ಸಣ್ಣದಾಯಿತು. ಜೀಪು ನಿಂತೊಡನೆ ಇಳಿದು ಬಾನೆಟ್ ಎತ್ತಿದ, ಇಳಿಸಿದ, ಮೇಲೆ ನೋಡಿದ. ನೋಡಿಯೇ ನಿಂತ.

"ಇದು ಯಾರು ಕಟ್ಟದ್ದು?"

"ನೀನೇ ಹಾಕಿದ ಹೊಸ ಸಾಮಾನು ಅಂದ್ಕಂಡಿದ್ದೆ," ಅಂದ ವೆಂಕಟು.

"ನಾನು," ಅಂದೆ ನಾನು. "ಗಾಳಿ ಸೋಸೂಕೆ."

ಇನಾಸ ಒದ್ದೆ ಬಟ್ಟೆ ಬಿಚ್ಚಿ ಮೂಸಿದ. "ಬಾಯೀ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಓಡು ಅಂದ್ರೆ ಯಾರು ಓಡ್ತಾರೆ? ಅದೂ ಉಪ್ಪಿನಕಾಯಿದು." ಹೇಳುತ್ತ ಹೇಳುತ್ತ ಅವನಿಗೇ ನಗೆ ತಡೆಯಲಿಲ್ಲ, ನಿಮ್ಮ ಅಪ್ಪನೂ ಹೊಟ್ಟೆ ಹಿಡಿದುಕೊಂಡ. ಬಟ್ಟೆ ನನ್ನ ಮಡಿಲಿಗೆ ಬಂತು.

ಆಮೇಲೆ ನಡೆದದ್ದನ್ನು ಬರೆಯುವಾಗ ಈಗಲೂ ಕೈ ಕುಣಿಯುತ್ತದೆ. ಜೀಪು ಹೊರಟಿತು, ಶಿಳ್ಳೆ ಎದ್ದಿತು. ಬೆನ್ನು ಸೀಟಿಗೆ ಅಂಟಿತು. ಸಾಲಿನ ಒಂದು ಲಾರಿಯ ಹಿಂದಿನ ಚಕ್ರ, ನಡುವಿನ ಚಕ್ರ, ಕೊನೆಗೆ ಡ್ರೈವರನ ಮೀಸೆ ನನ್ನ ಪಕ್ಕ ಬಂದು ಹಿಂದೆ ಸರಿದವು. ನನಗೇನಾಯಿತೋ, ಕೈ ಹೊರಗೆ ಹಾಕಿ ಬಾಗಿಲ ತಗಡು ದಬದಬ ಬಡಿದು, ಕಂಡಕ್ಟರನ ಹಾಗೆ "ರೈಟ್, ರೈಟ್" ಎಂದು ಕೂಗಿದೆ. "ಆತು ಆಯಿ, ಗೆದ್ದೆ, ಸಾಕು," ಎಂದು ನಿಮ್ಮ ಅಪ್ಪ. ಎಲ್ಲಿಯ ಸಾಕು. "ಇನ್ನೊಂದು ಹಿಂದೆ ಹಾಕೋ ವೆಂಕಟು" ಎಂದೆ. ಅವನು ಅತ್ತಿಗೆಯ ಮಾತು ಮೀರಿದವನಲ್ಲ. ಸಂತೆಯೂ ದಾಟಿತು, ಕಾಳಿ ಸೇತುವೆಯೂ ದಾಟಿತು. ಸದಾಶಿವಗಡದಲ್ಲಿ ಜೀಪು ಕೊಳ್ಳುವವನು ರಸ್ತೆ ಬದಿಗೆ ಕೊಡೆ ಹಿಡಿದು ನಿಂತು ಕೈ ಅಡ್ಡ ಮಾಡಿದ. "ನಿಲ್ಸಲಾ ಅತ್ತಿಗೆ?" "ರೈಟ್, ರೈಟ್." ನಿಮ್ಮ ಅಪ್ಪ ಬುಟ್ಟಿಯ ಹಿಂದೆ ತಲೆ ಅಡಗಿಸಿಕೊಂಡ. ಇಶಾಡಿನ ಸಿಪ್ಪೆ ಬಲು ತೆಳು ನೋಡಿ, ಸಂತೆಗೆ ಹೊರಟ ಹಣ್ಣೆಲ್ಲ ಜಜ್ಜಿಹೋಗಿ ಸೀಕರಣೆಗೆ ತಯಾರಾಗಿ ಕೂತಿದ್ದವು.

ಜೀಪು ಉಳಿಯಿತು. ನನ್ನ ಗಂಟಲೂ ಬಿಟ್ಟಿತು ಎಂದು ತಿಳಿದು, ಅದಾದ ಮೇಲೆ ಒಂದು ದಿನ ಕಾರವಾರದಲ್ಲಿ ಒಬ್ಬಳೇ ಧೈರ್ಯವಾಗಿ ಬಸ್ ಹತ್ತಿದೆ. ಪಿಕಪ್ ಬಂದದ್ದು ಜೀಪಿಗೆ ಮಾತ್ರ ಎಂದು ಅಂಕೋಲೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ಗೊತ್ತಾಯಿತು. ಮಕ್ಕಳೇ, ಬಾಯಲ್ಲಿ ಹೇಳಲಾಗದ್ದನ್ನು ಬರೆದಿದ್ದೇನೆ, ಈ ಹಾಳೆಗಳನ್ನು ಕಳೆಯಬೇಡಿ. ಅಡುಗೆಮನೆಯ ಕಪಾಟಿನಲ್ಲಿ ಆ ಭರಣಿಯ ಬಟ್ಟೆ ತೊಳೆದು ಇಟ್ಟಿದೆ, ಅದರಲ್ಲೇ ಸುತ್ತಿ ಇಡಿ. ಒಳಗೆ ಗಾಳಿ ಸಹ ಹೋಗುವುದಿಲ್ಲ, ಘಟ್ಟದಲ್ಲಿ ಪರೀಕ್ಷೆಯಾಗಿದೆ.