ಶಹಾಬಾದ ಫರಸಿಯಂಥ ರೊಟ್ಟಿ

ನಾಗೇಂದ್ರಪ್ಪ: ಪುಂಡಿಪಲ್ಯಾ ಯಾರು ಮಾಡ್ಯಾರಂತ ಕೇಳಿದೆ. ಹೇಳಲಿಕ್ಕ ನಿನಗೇನ ತ್ರಾಸ?

ಸೂಗಪ್ಪ: ಯಾರ ಮಾಡಿದ್ರ ಏನ್ರೀ, ಅದು ಚಲೋ ಇಲ್ಲಲ್ರಿ.

ನಾಗೇಂದ್ರಪ್ಪ: ಚಲೋ ಇಲ್ಲಂತ ನಾ ಅಂದೆನೇನು?

ಸೂಗಪ್ಪ: ನೀವು ಅಂದಿಲ್ರಿ. ನಾ ಅನ್ನಾಕತ್ತೀನಿ.

ಸೇಡಂ ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿ. ಮಧ್ಯಾಹ್ನದ ಹೊತ್ತು. ಸಿಮೆಂಟ್ ಫ್ಯಾಕ್ಟರಿಯ ಮಂದಿ ಒಮ್ಮೆಲೇ ನುಗ್ಗಿದ್ದಾರೆ. ಇಂಥ ಗದ್ದಲದಲ್ಲಿ ಬಡಿಸುವ ಸೂಗಪ್ಪ ಕೆಲಸ ಬಿಟ್ಟು, ತಮ್ಮದೇ ಅಡಿಗೆಯನ್ನು ಹಳಿಯುತ್ತ ನಿಂತಿದ್ದ. ಅವನಿಗೇನೂ ತಲೆ ಕೆಟ್ಟಿರಲಿಲ್ಲ. ಮುಂಜಾನೆ ಪಾನ್ ಅಂಗಡಿಯ ಜಿಲಾನಿ ಸುದ್ದಿ ಕಿವಿಗೆ ಹಾಕಿದ್ದ: ಶಹಾಬಾದದಲ್ಲಿ ಹೊಸ ಖಾನಾವಳಿ ತೆಗೆಯುವ ನಾಗೇಂದ್ರಪ್ಪ ಸಾಹುಕಾರರು ಇಲ್ಲಿಂದ ಒಬ್ಬರನ್ನು ಒಯ್ಯಲು ಬಂದಿದ್ದಾರೆ. ಒಬ್ಬರು ಅಂದರೆ ಇನ್ಯಾರು? ಅಡಿಗೆಯ ಮಾಣಿಕಮ್ಮ. ಬಡಿಸುವವನನ್ನು ಯಾರಾದರೂ ಊರಿಂದ ಊರಿಗೆ ಒಯ್ಯುತ್ತಾರೆಯೇ!

ಆಗಿನಿಂದ ಸೂಗಪ್ಪನಿಗೆ ಅದೇ ಚಿಂತೆ. ಹಸಿದು ಜಗಳಕ್ಕೇ ಬಂದ ಗಿರಾಕಿ ಮೊದಲ ತುತ್ತಿಗೆ ತಣ್ಣಗಾಗುವುದು ತನ್ನ ಮೋರೆ ನೋಡಿ ಅಲ್ಲ, ಮಾಣಿಕಮ್ಮ ಮತ್ತು ರತ್ನಾಬಾಯಿ ಉರಿಯ ಮುಂದೆ ಕುಳಿತು ಬಡಿಯುವ ರೊಟ್ಟಿಗೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ದಿನಾ ಮೊದಲ ತಾಟು ಎತ್ತುವ ಮುಂಚೆ ಅಡಿಗೆಮನೆಯ ಕಿಂಡಿಯಲ್ಲಿ ಅವರಿಗೊಂದು ಚರಿಗೆ ಮಜ್ಜಿಗೆ ಇಟ್ಟೇ ಮುಂದಿನ ಕೆಲಸ. ಅಂಥ ಮಾಣಿಕಮ್ಮ ಹೋದರೆ ತನ್ನ ಗತಿಯೇನು? ಹೊಗಳುವುದಂತೂ ಕೂಡದು.

ಸೂಗಪ್ಪ: ರೊಟ್ಟಿ ಮಾತಂತೂ ಕೇಳಬ್ಯಾಡ್ರಿ. ನಿಮ್ಮ ಶಹಾಬಾದ ಫರಸಿಕಲ್ಲು. ಅಂಗಳಕ್ಕ ಹಾಸಬಹುದು.

ನಾಗೇಂದ್ರಪ್ಪ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ.

ನಾಗೇಂದ್ರಪ್ಪ: ಇದರಾಗಿಂದ ನನಗ ಬಸ್ ಸ್ಟ್ಯಾಂಡ್ ಕಾಣಾಕತ್ತದಲ್ಲೋ!

ಸೂಗಪ್ಪ: ಇವತ್ತೊಂದ ತಪ್ಪಿ ತೆಳ್ಳಗ ಬಂದದ್ರಿ.

ನಾಗೇಂದ್ರಪ್ಪ: ತಪ್ಪಿದ್ದು ಇನ್ನೆರಡ ಹಾಕು.

ಸೂಗಪ್ಪ: ಹೊಟ್ಟಿ ಕೆಡ್ತದ್ರಿ.

ನಾಗೇಂದ್ರಪ್ಪ: ನನ್ನ ಹೊಟ್ಟಿ, ಕೆಡ್ಲಿ. ಹಾಕು.

ಸೂಗಪ್ಪ ಬುಟ್ಟಿಯಿಂದ ಎರಡು ರೊಟ್ಟಿ ಹಾಕಿದ. ಕಿಂಡಿಯಾಚೆ ರೊಟ್ಟಿ ಬಡಿಯುವ ಸದ್ದು ನಿಂತು ಹೋದದ್ದು ಅವನ ಗಮನಕ್ಕೆ ಬರಲಿಲ್ಲ.

ಸೂಗಪ್ಪ: ಅಡಗಿ ಮಾಡಾಕಿ ಬಾಯಿನೂ ಭಾಳ ಜೋರ್ರಿ. ನಿಮ್ಮ ಗಿರಾಕಿ ಒಬ್ಬರೂ ಉಳಿಯಂಗಿಲ್ಲ.

ಮಾಣಿಕಮ್ಮ: ಯಾರ ಬಾಯಿ ಜೋರು?

ಅಡಿಗೆಮನೆಯ ಬಾಗಿಲಲ್ಲಿ ಮಾಣಿಕಮ್ಮ ನಿಂತಿದ್ದಳು. ಮೊಣಕೈತನಕ ಹಿಟ್ಟು. ಹಿಂದೆ ಕಿಂಡಿಯಲ್ಲಿ ರತ್ನಾಬಾಯಿಯ ತಲೆ.

ರತ್ನಾಬಾಯಿ: ಫರಸಿಕಲ್ಲು ಅಂದ ಅಕ್ಕಾ. ನಾನೂ ಕೇಳೀನಿ.

ಮಾಣಿಕಮ್ಮ: ಏ ಸೂಗ್ಯಾ, ನಿನ್ನಿ ಅದೇ ಫರಸಿ ನಾಕ ತಿಂದು ಮತ್ತ ಕೇಳಿದ್ಯಲ್ಲ. ಹಲ್ಲು ಅದಾವೇನ್ ತೋರಸು!

ಸೂಗಪ್ಪ: (ಮೆಲ್ಲಗೆ) ಅಕ್ಕಾ, ನೀ ಒಳಗ ಹೋಗು. ನಿನ್ನ ಸಲುವಾಗೇ ಬೈಯಾಕತ್ತೀನಿ.

ಮಾಣಿಕಮ್ಮ: ನನ್ನ ಸಲುವಾಗಿ ನನ್ನೇ ಬೈತಿ?

ಸೂಗಪ್ಪ: ಮತ್ತ! ಖರೇ ಹೇಳಿದ್ರ ಇವರು ನಿನ್ನ ಇವತ್ತಿನ ಬಸ್ಸಿಗೇ ಶಹಾಬಾದಕ್ಕ ಒಯ್ತಾರ.

ನಾಗೇಂದ್ರಪ್ಪ: ಈ ತಾಯಿನ್ನ ನಾ ಯಾಕ ಒಯ್ಯಲಿ? ಅಡಗಿಗೆ ನಮ್ಮ ಮನಿಯಾಕಿ ಅದಾಳ, ಅವರವ್ವ ಅದಾಳ. ನನಗ ಬೇಕಾದಂವ ನೀನು.

ಸೂಗಪ್ಪನ ಕೈಯ ಬುಟ್ಟಿ ಕೈಯಲ್ಲೇ ಉಳಿಯಿತು.

ನಾಗೇಂದ್ರಪ್ಪ: ರೊಟ್ಟಿ ಬರೂತನಾ ಹಸದ ಮಂದಿನ್ನ ಮಾತಿನಾಗೇ ಕುಂದ್ರಸ್ತಿ ಅಂತ ಕೇಳಿದ್ದೆ. ಮುಂಜಾನಿ ಹಿಂದಿನ ಬಾಗಲಿಗೆ ಬಂದು ನೀ ಹೆಂಗ ಅಂತ ಈಕಿನ್ನ ಕೇಳಿದೆ. ಸೂಗಪ್ಪ ಸ್ಟೀಲ್ ತಾಟ ಸೈತ ಒಡಿತಾನ, ಝುಣಕ ಕೇಳಿದ್ರ ಬ್ಯಾಳಿ ಹಾಕ್ತಾನ, ಕಿವಿ ಅಂತೂ ಕೇಳಂಗೇ ಇಲ್ಲ ಅಂದ್ಳು.

ಸೂಗಪ್ಪ: ನಾ ಕಿವುಡ ಏನಕ್ಕಾ?

ಮಾಣಿಕಮ್ಮ ಬೆರಳಿಗಂಟಿದ ಹಿಟ್ಟನ್ನು ಉಜ್ಜತೊಡಗಿದಳು.

ಮಾಣಿಕಮ್ಮ: ಇನ್ನೇನ ಅನ್ಲಿ? ನೀ ಹೋದ್ರ ಉರಿ ಮುಂದ ಕುಂತವ್ರಿಗೆ ಮಜ್ಜಿಗಿ ಯಾರ ಕೊಡ್ತಾರ? ಒಳಗೂ ಮನಷ್ಯಾರು ಅದಾರ ಅಂತ ಈ ಖಾನಾವಳ್ಯಾಗ ಗೊತ್ತಿದ್ದಂವ ನೀ ಒಬ್ಬಂವ.

ಒಲೆಯ ಹೊಗೆ ಅಲ್ಲಿಯತನಕ ಬಂದಿರಲಿಲ್ಲ. ಆದರೂ ಸೂಗಪ್ಪ ಹೆಗಲ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ನಾಗೇಂದ್ರಪ್ಪ: ಇಷ್ಟ ಜೀವಾ ಇದ್ರ ಇಬ್ಬರೂ ಕೂಡೇ ಬರ್ರಿ. ಇಲ್ಲಿಗಿಂತ ಹೆಚ್ಚು ಪಗಾರ ಕೊಡ್ತೀನಿ.

ಫ್ಯಾಕ್ಟರಿಯವರ ತುತ್ತು ಬಾಯಿಗೆ ಹೋಗದೆ ಕೈಯಲ್ಲೇ ನಿಂತಿತು. ನಾಳೆ ತಮ್ಮ ಊಟದ ಗತಿಯೇನು ಎಂದು ಎಲ್ಲರೂ ಇಬ್ಬರನ್ನೇ ನೋಡತೊಡಗಿದರು. ಸೂಗಪ್ಪ ಮಾಣಿಕಮ್ಮನನ್ನು ನೋಡಿದ, ಮಾಣಿಕಮ್ಮ ಅವರೆಲ್ಲರನ್ನು ನೋಡಿದಳು.

ಮಾಣಿಕಮ್ಮ: ಈ ಕಿವುಡನ ಜೋಡಿ ನಾ ಒಂದ ಕಡಿ ಕೆಲಸ ಮಾಡಂಗಿಲ್ರಿ.

ಸೂಗಪ್ಪ: ಫರಸಿ ಬಡಿಯಾಕಿ ಜೋಡಿ ನಾನೂ ಮಾಡಂಗಿಲ್ರಿ.

ನಾಗೇಂದ್ರಪ್ಪ: ಮತ್ತ ಇಲ್ಲಿ ಹೆಂಗ ಮಾಡಾಕತ್ತೀರಿ?

ಸೂಗಪ್ಪ: ಇಲ್ಲಿ ರೂಢಿ ಆಗೇದ್ರಿ.

ಮಾಣಿಕಮ್ಮ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಊಟದ ಗದ್ದಲವೂ ಶುರುವಾಯಿತು. ಸೂಗಪ್ಪ ಆಚೆ ಮೂಲೆಯ ಪಂಕ್ತಿಗೆ ಝುಣಕ ಬಡಿಸುತ್ತಿದ್ದಾಗ ಕಿಂಡಿಯೊಳಗಿಂದ ಯಾರೋ ಸಣ್ಣ ದನಿಯಲ್ಲಿ "ಮಜ್ಜಿಗಿ" ಅಂದರು.

ಸೂಗಪ್ಪ: ತಂದೆ ಅಕ್ಕಾ!

ನಾಗೇಂದ್ರಪ್ಪ ಕೈ ತೊಳೆಯುತ್ತ ಅವನನ್ನು ತಡೆದ.

ನಾಗೇಂದ್ರಪ್ಪ: ಅಲ್ಲಿಂದ ಅಂದಿದ್ದು ಇಲ್ಲಿ ಕೇಳಸ್ತದಲ್ಲ. ಕಡೀ ಸಲ ಕೇಳ್ತೀನಿ, ಶಹಾಬಾದಕ್ಕ ಬರ್ತಿಯೇನು?

ಸೂಗಪ್ಪ ಚರಿಗೆ ಹಿಡಿದು ನಿಂತ. ಬಲಗಿವಿಗೆ ಕೈ ಹಚ್ಚಿಕೊಂಡ.

ಸೂಗಪ್ಪ: ಏನಂದ್ರಿ?