ಮನೆಗೆ ಹೋಗದ ಅಣ್ಣ-ತಂಗಿ

ನಾಟಕದವರ ಹಣೆಬರಹವೇ ಹೀಗೆ, ಏನಾದರೊಂದು ಆಗದೆ ಪರದೆ ಬೀಳುವುದಿಲ್ಲ. ನನಗಂತೂ ಊರಿಗೊಂದು ಆಯಿತು. ಪರದೆ ಬಿತ್ತು, ನಾಟಕ ಮಾತ್ರ ಮುಗಿಯಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಆಲಮಟ್ಟಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಇರಲು ಕೊಟ್ಟದ್ದು ಕಾಲೊನಿಯ ಮನೆ. ಎಲ್ಲ ಮನೆಗಳೂ ಒಂದೇ ಅಚ್ಚು, ನಳದ ನೀರಿನ ಜಗಳವೂ ಒಂದೇ ಅಚ್ಚು. ಹಿರಿಯರು ಬಾಯಿ ತೆರೆದರೆ ಇಪ್ಪತ್ತು ವರ್ಷದ ಹಿಂದೆ ಹೀಗಿರಲಿಲ್ಲ ಎನ್ನುತ್ತಿದ್ದರು. ಕೇಳಿ ಕೇಳಿ ತಲೆಕೆಟ್ಟು ನಾನೊಂದು ನಾಟಕ ಬರೆದೆ. ಬೆಲ್‌ಬಾಟಮ್ ತೊಟ್ಟ ಅಣ್ಣ, ಕಾಲೇಜು ಕಲಿತ ತಂಗಿ. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಇಬ್ಬರೂ ಇಪ್ಪತ್ತು ವರ್ಷ ಹಿಂದಿನ ಕಾಲೊನಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಅಲ್ಲಿ ಜಗಳವಿಲ್ಲ, ರೋಗವಿಲ್ಲ, ಯಾರೂ ಯಾರಿಗೂ ಇಲ್ಲ ಅನ್ನುವುದಿಲ್ಲ. ಅಲ್ಲಿನ ತಾಯಿಯೊಬ್ಬಳು ದಿನಾ ಹೋಳಿಗೆ ಬಡಿಸುತ್ತಾಳೆ. ಹೋಳಿಗೆ ತಿಂದು ತಿಂದು ಇಬ್ಬರಿಗೂ ಉಸಿರು ಕಟ್ಟುತ್ತದೆ. ಕೊನೆಗೆ ತಂಗಿ ಬಟ್ಟೆಯ ಗಂಟು ಹಿಡಿದು ಎದ್ದು ಹೇಳಬೇಕು:

“ಇಲ್ಲಿ ಎಲ್ಲಾ ಚಲೋ ಐತಿ. ಆದ್ರ ಅಳಾಕ ಒಂದು ಮೂಲಿ ಇಲ್ಲ. ನಡಿ ಅಣ್ಣಾ, ನಮ್ಮ ಮನಿಗಿ ಹೋಗೂಣು.”

ಈ ಒಂದು ಮಾತಿಗಾಗಿಯೇ ಇಡೀ ನಾಟಕ ಬರೆದಿದ್ದೆ. ಜನರ ಮುಂದೆ ಅದನ್ನು ಒಮ್ಮೆ ಕೇಳಬೇಕು, ಅಷ್ಟೇ ನನ್ನ ಆಸೆ.

ಅಣ್ಣನ ಪಾತ್ರಕ್ಕೆ ದವಾಖಾನೆಯ ಕಂಪೌಂಡರ. ತಾಯಿಯ ಪಾತ್ರಕ್ಕೆ ಜೀಪಿನ ಡ್ರೈವರ, ಮೀಸೆ ಬೋಳಿಸಿಕೊಂಡು. ತಂಗಿಗೆ ಮಾತ್ರ ನಾಟಕ ಕಂಪನಿ ಬಿಟ್ಟು ಬಂದಿದ್ದ ಒಬ್ಬ ನಟಿಯನ್ನು ಕರೆಸಿದ್ದೆವು. ವಯಸ್ಸಿನಲ್ಲಿ ಈ ತಂಗಿ ಅಣ್ಣನಿಗಿಂತ ಸಾಕಷ್ಟು ದೊಡ್ಡವಳು, ಬಾಯಿಯೂ ಜೋರು.

ಇಂಡಿಯಲ್ಲಿ ರಾಜ

ಮೊದಲ ಆಟ ಇಂಡಿ ಪಟ್ಟಣದಲ್ಲಿ. ಪರದೆ ಬಾಡಿಗೆಗೆ ಕೊಡುವವನ ಹತ್ತಿರ ಕಾಲೊನಿಯ ಪರದೆ ಎಲ್ಲಿಂದ ಬರಬೇಕು? ಒಂದು ಅರಮನೆ, ಒಂದು ಅಡವಿ, ಮುಗಿಯಿತು. ಅಡವಿಯಲ್ಲಿ ಹೋಳಿಗೆ ಬಡಿಸುವಂತಿಲ್ಲವಲ್ಲ, ಅರಮನೆಯನ್ನೇ ಇಳಿಬಿಟ್ಟೆವು. ಜನ ಬಹಳ ಸಮಾಧಾನದಿಂದ ನೋಡಿದರು. ಕೊನೆಯ ದೃಶ್ಯ ಬಂತು, ನಟಿ ಗಂಟಿಗೆ ಕೈ ಹಾಕಿದಳು, ಮುಂದಿನ ಸಾಲಿನ ಯಜಮಾನರೊಬ್ಬರು ಎದ್ದು ನಿಂತರು.

“ಅರಮನಿ ತೋರಿಸಿ ಕುಂದ್ರಿಸೀರಿ. ರಾಜಾ ಯಾವಾಗ ಬರ್ತಾನ?”

ಹಿಂದಿದ್ದವರಿಗೂ ಅದೇ ಸಂಶಯ ಇತ್ತಂತೆ. ಗದ್ದಲ ಎದ್ದಿತು. ಪರದೆಯವನಿಗೆ ತನ್ನ ಅರಮನೆಯ ಮರ್ಯಾದೆ ಹೋಗುತ್ತದೆ ಎನಿಸಿರಬೇಕು, ಪೆಟ್ಟಿಗೆಯಲ್ಲಿದ್ದ ಕಿರೀಟ ಇಟ್ಟುಕೊಂಡು ತಾನೇ ಬಂದು ನಿಂತ. ಒಂದು ಮಾತನ್ನೂ ಆಡಲಿಲ್ಲ. ಆ ದಿನ ಚಪ್ಪಾಳೆ ಬಿದ್ದದ್ದು ಅವನೊಬ್ಬನಿಗೇ.

ಸಿಂದಗಿಯಲ್ಲಿ ಆಯೇರಿ

ನಮ್ಮ ಕಡೆ ಪಾತ್ರ ಮನಸ್ಸಿಗೆ ಬಂದರೆ ನಡುವೆಯೇ ನಾಟಕ ನಿಲ್ಲಿಸಿ ಆಯೇರಿ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಬೇಕು, ಕೊಟ್ಟ ಬಟ್ಟೆಯನ್ನು ಪಾತ್ರಧಾರಿಯ ಹೆಗಲಿಗೆ ಹಾಕಬೇಕು. ಸಿಂದಗಿಯ ಜನ ತಾಯಿಯನ್ನು ಮೆಚ್ಚಿದರು. ಬೈಯದ ತಾಯಿಯನ್ನು ಅವರು ಎಲ್ಲೂ ಕಂಡಿರಲಿಲ್ಲ. ಒಬ್ಬರು ಕುಬಸದ ಖಣ ಕೊಟ್ಟರು. ಅದನ್ನು ಕಂಡು ಅವರ ಬೀಗರು ಕೊಟ್ಟರು. ಬೀಗರ ಹೆಸರನ್ನು ಮೊದಲಿನವರಿಗಿಂತ ಜೋರಾಗಿ ಕೂಗಿದರೆಂದು ಮೊದಲಿನವರು ಮತ್ತೆ ಕೊಟ್ಟರು. ಹೀಗೆ ನಡೆಯುತ್ತಿರುವಾಗ ತಾಯಿಯ ಮೋರೆ ಖಣಗಳ ಹಿಂದೆ ಮುಚ್ಚಿಹೋಯಿತು, ಗ್ಯಾಸ್‌ಬತ್ತಿಗಳ ಎಣ್ಣೆ ತೀರಿತು, ಜನ ಸಂತೋಷದಿಂದ ಮನೆಗೆ ಹೋದರು. ಕೊನೆಯ ಮಾತು ಹಾಗೇ ಉಳಿಯಿತು.

ಕತ್ತಲೆಯಲ್ಲಿ ನಾನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದರೆ ಡ್ರೈವರ ಬಂದು ಸಮಾಧಾನ ಹೇಳಿದ.

“ಇರ್ಲಿ ಬಿಡ್ರಿ ಸಾಹೇಬ್ರ. ನಮ್ಮ ಮನ್ಯಾಕಿಗೆ ಇನ್ನ ಎರಡ ವರ್ಷ ಖಣದ ಚಿಂತಿ ಇಲ್ಲ.”

ಮುದ್ದೇಬಿಹಾಳದಲ್ಲಿ ಸರದಿ

ಇಲ್ಲಿ ಆಯೇರಿ ನಾಟಕ ಮುಗಿದ ಮೇಲೆಯೇ ಎಂದು ಮೊದಲೇ ಸಾರಿದ್ದೆ. ಆದರೆ ತಾಲೀಮಿನ ನೆಪದಲ್ಲಿ ಕಂಪೌಂಡರ ದವಾಖಾನೆಯ ಕಡೆ ಮುಖ ಹಾಕದೆ ಬಹಳ ದಿನವಾಗಿದ್ದು ನನಗೇನು ಗೊತ್ತು? “ಈ ಕಾಲೊನ್ಯಾಗ ಯಾರಿಗೂ ರೋಗ ಅನ್ನೂದ ಇಲ್ಲ” ಎಂದು ಅವನು ಹೇಳಿ ಮುಗಿಸಿದ್ದನಷ್ಟೆ, ದವಾಖಾನೆಗೆ ಬಂದು ಬಂದು ವಾಪಸು ಹೋಗಿದ್ದ ತಂಗಡಗಿ ಹಳ್ಳಿಯ ಮುದುಕರೊಬ್ಬರು ಕೋಲೂರಿಕೊಂಡು ರಂಗ ಹತ್ತಿದರು. ಸುಮ್ಮನೆ ಅವನ ಮುಂದೆ ನಿಂತು ನಾಲಿಗೆ ಚಾಚಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಕೂಸನ್ನು ಎತ್ತಿಕೊಂಡ ಹೆಣ್ಣುಮಗಳು. ಬೆಲ್‌ಬಾಟಮ್ಮಿನಲ್ಲೇ ಅವನು ನಾಡಿ ಹಿಡಿಯತೊಡಗಿದ. ಬಂದವರನ್ನು ಉಪಚರಿಸುವುದು ತಾಯಿಯ ಗುಣ ಎಂದು ನಾನೇ ಕಲಿಸಿದ್ದೆನಲ್ಲ, ಡ್ರೈವರ ಎಲ್ಲರಿಗೂ ನೀರು ಕೊಡುತ್ತಾ ಬಂದ.

ಅಷ್ಟರಲ್ಲಿ ಬೇಸತ್ತ ನಟಿಯೂ ಗಂಟು ಕೆಳಗಿಟ್ಟು ಸರದಿಯಲ್ಲಿ ನಿಂತಳು. ಆಕೆಗೆ ತಲೆನೋವು ಇತ್ತಂತೆ.

ಬಸವನ ಬಾಗೇವಾಡಿಯಲ್ಲಿ ಶುಕ್ರವಾರ

ಇದೇ ಕೊನೆ. ಕಚೇರಿಯ ಸಾಹೇಬರು ಇನ್ನು ರಜೆ ಇಲ್ಲ ಅಂದಿದ್ದರು, ನಟಿಗೆ ಬೇರೆ ಕಂಪನಿಯಿಂದ ಕರೆ ಬಂದಿತ್ತು. ಇಲ್ಲಿ ಆಗದಿದ್ದರೆ ಆ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಅದಕ್ಕೇ ಅರಮನೆ ಕಟ್ಟಲಿಲ್ಲ, ಬಿಳಿ ಧೋತರ ಕಟ್ಟಿದೆವು. ಕಂಪೌಂಡರನಿಗೆ ಕಪ್ಪು ಕನ್ನಡಕ ಹಾಕಿಸಿದೆ. ಎಲ್ಲವೂ ಸರಾಗವಾಗಿ ನಡೆಯಿತು. ನಟಿ ಗಂಟು ಎತ್ತಿಕೊಂಡಳು. ನಾನು ರಂಗದ ಪಕ್ಕದ ಮರೆಯಲ್ಲಿ ಕಿವಿಗೊಟ್ಟು ನಿಂತೆ.

“ಇಲ್ಲಿ ಎಲ್ಲಾ ಚಲೋ ಐತಿ...” ಎಂದಳು.

“ಐತಲ್ಲ, ಮತ್ತ ಗಂಟ್ಯಾಕ ಕಟ್ಟೀದಿ?” ಮುಂದೆ ಕುಳಿತಿದ್ದ ಅಜ್ಜಿ ಎದ್ದಳು. “ಇವತ್ತ ಶುಕ್ರವಾರ ತಂಗಿ. ಹೆಣ್ಮಕ್ಕಳು ಮನಿ ಬಿಟ್ಟು ಹೋಗೂ ದಿನಾ ಅಲ್ಲ.”

ಹೆಂಗಸರೆಲ್ಲ ಹೌದೌದೆಂದರು. ನಾನು ಪಕ್ಕದಿಂದ ಡ್ರೈವರನಿಗೆ ಕೈ ಮಾಡಿದೆ, ಏನಾದರೂ ಹೇಳಿ ಮುಂದೆ ಸಾಗಿಸು ಅಂತ. ಯಾರಿಗೂ ಇಲ್ಲ ಅನ್ನದ ತಾಯಿ ಅವನು. ಅಜ್ಜಿಗೆ ಕೈಮುಗಿದು, ನಾಳೆ ಕಳಿಸ್ತೇನಿ ಎಂದುಬಿಟ್ಟ.

ಆಗಲೇ ಯಾರೋ ಹತ್ತಿರದ ಮನೆಯಿಂದ ಅಕ್ಕಿ, ಕೊಬ್ಬರಿ ತಂದರು. ಹೆಂಗಸರು ರಂಗ ಹತ್ತಿ ನಟಿಯ ಉಡಿ ತುಂಬತೊಡಗಿದರು. ಇದು ನಾಟಕ, ಮಾತು ಮುಗಿಸು ಎಂದು ನಾನು ಪಕ್ಕದಿಂದ ಹಲ್ಲು ಕಡಿದೆ. ಆಕೆ ಸೆರಗು ಒಡ್ಡಿಕೊಂಡೇ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು. ಹಿಂದಿನ ಮೂರು ಊರಲ್ಲೂ, ತಾಲೀಮಿನಲ್ಲೂ ಬಾರದ ನೀರು.

“ನಂಗ ಇಲ್ಲೀತನಕ ಯಾರೂ ಇರು ಅಂದಿಲ್ಲರಿ. ನಾ ಇವತ್ತ ಹೋಗೂದಿಲ್ಲ.”

ಕಂಪೌಂಡರ ಒಬ್ಬನೇ ಆಕೆ ಕೆಳಗಿಟ್ಟ ಗಂಟು ಹೊತ್ತು ನಿಂತಿದ್ದ. ತಾನಾದರೂ ಹೋಗಲೇ ಎಂದು ಮೆಲ್ಲಗೆ ಕೇಳಿದ್ದಕ್ಕೆ, ತಂಗಿಯನ್ನು ಬಿಟ್ಟು ಹೋಗುವ ಅಣ್ಣನೆಂದು ಅಜ್ಜಿಯ ಕೈಲಿ ಬೈಸಿಕೊಂಡು ಅವನೂ ಕುಳಿತ. ಪರದೆ ಎಳೆದೆವು.

ನಸುಕಿನಲ್ಲೇ ಸಾಮಾನು ಹೇರಿಕೊಂಡು ಊರು ಬಿಟ್ಟೆವು. ಬಿಟ್ಟುಬಂದ ಗ್ಯಾಸ್‌ಬತ್ತಿ ತರಲು ಡ್ರೈವರ ರವಿವಾರ ಹೋಗಿಬಂದ. ಶನಿವಾರ ಸಂಜೆ ಹೆಂಗಸರೆಲ್ಲ ಚಾಪೆ, ರೊಟ್ಟಿಯ ಗಂಟು ತೆಗೆದುಕೊಂಡು ಅಣ್ಣ-ತಂಗಿಯನ್ನು ಕಳಿಸಿಕೊಡಲು ಬಂದು ರಾತ್ರಿ ಬಹಳ ಹೊತ್ತಿನ ತನಕ ಕುಳಿತಿದ್ದರಂತೆ.

“ಅಜ್ಜಿ ಏನಂದ್ಳು?” ಎಂದು ಕೇಳಿದೆ.

“ಭಾಳ ಸಿಟ್ಟಾಗ್ಯಾಳ್ರಿ. ಅಷ್ಟ ಉಂಡು, ಉಡಿ ತುಂಬಿಸಿಕೊಂಡು, ಒಂದು ಮಾತ್ ಸೈತ ಹೇಳದ ಹೋಗ್ಯಾರ ಅಂತ.”