ನನ್ನ ಹೆಸರಿನ ಹನ್ನೊಂದು ಸುತ್ತು

ಎಲ್ಲವೂ ಮಾಮೂಲಾಗಿದ್ದ ಕೊನೆಯ ದಿನ ನಾನು ಐದು ಒಬ್ಬಟ್ಟು ತಿಂದಿದ್ದೆ. ಹೆಮ್ಮಿಗೆಯ ನನ್ನ ಮಾವನ ಮನೆಯಲ್ಲಿ ಯಾವುದೋ ಮಗುವಿನ ನಾಮಕರಣ. ಆರನೆಯದಕ್ಕೆ ಕೈ ಚಾಚಿದಾಗ ಹೆಂಡತಿ ಮಹದೇವಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕೈಯನ್ನು ಉಪ್ಪಿನಕಾಯಿಯ ಕಡೆಗೆ ತಿರುಗಿಸಿದೆ. ಮಾರನೆಯ ದಿನ ಕೆಲಸದ ಹೊತ್ತಿನಲ್ಲಿ ತಲೆ ಸುತ್ತಿ ಮೇಜಿನ ಮೇಲೆ ಬಿದ್ದುಕೊಂಡೆ. ನಾನಾಗ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಊರಿನ ಬಸ್ಸುಗಳನ್ನೆಲ್ಲ ಓಡಿಸಿದವನು ನಾನು, ಅದೂ ಕುರ್ಚಿಯಿಂದ ಏಳದೆ. ಅವತ್ತು ನಾನು ಎಂದಿನಂತೆ ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡು ಮೂರು ಬಸ್ಸಿನವರು ತಾವೇ ಹೊತ್ತು ಬರೆದು ಹೊರಟುಹೋದರಂತೆ. ನಾಲ್ಕನೆಯವನು ಸ್ವಲ್ಪ ಬುದ್ಧಿವಂತ, ಮುಖಕ್ಕೆ ನೀರು ಚಿಮುಕಿಸಿ ಆಸ್ಪತ್ರೆಗೆ ಸಾಗಿಸಿದ.

ರಕ್ತದಲ್ಲಿ ಸಕ್ಕರೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯಬೇಕು ಎಂದೂ ಹೇಳಿದರು. ಮಾತ್ರೆ ನುಂಗುವುದು ಕೂತುಕೊಂಡೇ ಆಗುವ ಕೆಲಸ, ಒಪ್ಪಿದೆ. ನಡೆಯುವುದೇ ಕಷ್ಟವಾಯಿತು. ತೊಂಬತ್ತರ ದಶಕದಲ್ಲಿ ನಮ್ಮ ಊರಿನಲ್ಲಿ ಕಾರಣವಿಲ್ಲದೆ ನಡೆಯುವ ಮನುಷ್ಯರಿರಲಿಲ್ಲ. ಮೊದಲ ದಿನ ಬೀದಿಯ ತಿರುವಿನಲ್ಲೇ ಹಾಲಿನ ಬಸವಣ್ಣ ಮೊಪೆಡ್ ನಿಲ್ಲಿಸಿದ.

“ಎಲ್ಲಿಗ್ ಸಾ ಒಂಟ್ರಿ ಇಷ್ಟೊತ್ಗೆ?”

“ಎಲ್ಲಿಗೂ ಇಲ್ಲಪ್ಪ. ಸುಮ್ನೆ.”

“ಸುಮ್ನೆ ಯಾರ್ ಸಾ ನಡೀತಾರೆ? ಮನೇಲಿ ಏನಾರಾ ಜಗಳ್ವಾ? ಅತ್ಕಳಿ ಅತ್ಕಳಿ, ಬಸ್‌ಸ್ಟ್ಯಾಂಡ್ ತಾವ ಬುಡ್ತೀನಿ.”

ಹಾಲಿನ ಕ್ಯಾನುಗಳ ನಡುವೆ ಕೂತು ಹೋದೆ. ಎರಡನೆಯ ದಿನವೂ ಹೋದೆ. ಮೂರನೆಯ ದಿನ ಅವನು ನಮ್ಮ ಮನೆಯ ಮುಂದೆಯೇ ಬಂದು ಕಾಯುತ್ತಿದ್ದ. ಆ ವಾರ ನಾನು ನಡೆದದ್ದು ಬಾಗಿಲಿನಿಂದ ಮೊಪೆಡ್‌ವರೆಗೆ.

“ನಡಿಯಕ್ಕೇ ಅಂತ ಒಂದ್ ಜಾಗ ಬೇಕು ಕಣ್ರೀ. ಬೀದೀಲಿ ನಡುದ್ರೆ ಜನ ಬುಡಕಿಲ್ಲ” ಎಂದಳು ಮಹದೇವಮ್ಮ. ಜಾಗವನ್ನು ಹುಡುಕಿದವಳೂ ಅವಳೇ. ನಮ್ಮ ಬಡಾವಣೆಯ ಹಿಂದೆ, ಪಾರ್ಕಿಗೆಂದು ಬಿಟ್ಟ ಒಂದು ಚೌಕ ಜಾಗವಿತ್ತು. ಅದು ಪಾರ್ಕು ಎಂದು ಹೇಳುತ್ತಿದ್ದುದು ಮಗುಚಿ ಬಿದ್ದ ಒಂದು ಬೋರ್ಡು ಮಾತ್ರ. ಸೊಂಟದೆತ್ತರ ಪಾರ್ಥೇನಿಯಂ, ಯಾರದೋ ಎರಡು ಎಮ್ಮೆ, ಒಂದು ಹೊಂಗೆ ಮರ. ಅರ್ಧ ಸುತ್ತು ಹಾಕಿದೆ. ಮರದ ಕೆಳಗೆ ಒಂದು ಚಪ್ಪಡಿ ಕಲ್ಲು ಕಂಡಿತು. ನನ್ನ ಜಾತಕದಲ್ಲಿ ಆಸನ ಯೋಗ ಬಲವಾಗಿದೆ. ಕೂತೆ. ಕಾಲು ಚಾಚಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕೂತ್ಕಳಿ. ನಿಮ್ ಎಸ್ರಲ್ಲಿ ನಾನೇ ಸುತ್ತು ಆಕ್ತೀನಿ.”

“ಅದು ನಡೀತದೇನೇ?”

“ಯಾಕ್ ನಡಿಯಕಿಲ್ಲ? ನಮ್ಮಪ್ಪಂಗೆ ಜ್ವರ ಬಂದಾಗ ನಮ್ಮವ್ವ ಗುಡೀಲಿ ಉರುಳುಸೇವೆ ಮಾಡ್ಲಿಲ್ವಾ? ಅಪ್ಪ ಎದ್ದು ಕೂರ್ಲಿಲ್ವಾ?”

ನಾನು ಹುಟ್ಟಿ ಬೆಳೆದದ್ದು ದೇವಸ್ಥಾನದ ಊರಿನಲ್ಲಿ. ಒಬ್ಬರ ಕಾಯಿಲೆಗೆ ಇನ್ನೊಬ್ಬರು ಹರಕೆ ತೀರಿಸುವುದನ್ನು ದಿನಾ ನೋಡುತ್ತಿದ್ದವನು ನಾನು. ಅವಳು ಕೈಮುಗಿದು ನನ್ನ ಹೆಸರು, ನಕ್ಷತ್ರ ಹೇಳಿ ಹೊರಟಳು. ಹನ್ನೊಂದು ಸುತ್ತು. ನಾನು ಚಾಚಿದ ಕಾಲಿನ ಹತ್ತಿರ ಬಂದಾಗಲೆಲ್ಲ ಒಂದಿಷ್ಟು ಬಳಸಿ ಹೋಗುವಳು. ಮುಗಿದ ಮೇಲೆ ಎದುರಿಗೆ ನಿಂತು, “ಏಳಿ, ನಿಮ್ದು ಆಯ್ತು” ಎನ್ನುವಳು. ಅಭ್ಯಾಸ ಬಲದಿಂದ ನಾನು ಒಂದು ನೋಟ್‌ಬುಕ್ಕಿನಲ್ಲಿ ಅವಳು ಹೊರಟ ಹೊತ್ತು, ಬಂದ ಹೊತ್ತು ಬರೆದಿಡುತ್ತಿದ್ದೆ. ಒಂದು ದಿನವೂ ತಡವಿಲ್ಲ. ಹುಲ್ಲಹಳ್ಳಿ ಬಸ್ಸಿನ ಬಗ್ಗೆ ಈ ಮಾತು ಹೇಳಲಾರೆ.

ನಾಲ್ಕು ಜನ ನೋಡಿದರು. ಪಕ್ಕದ ಮನೆಯ ಸಾವಿತ್ರಮ್ಮ ಟೀಚರು, “ನಾನೂ ಬರ್ಲಾ ಮಹದೇವಮ್ಮ? ಆದ್ರೆ ನಮ್ಮವರಿಗೆ ಯಾವ ಕಾಯಿಲೆಯೂ ಇಲ್ವಲ್ಲ” ಎಂದು ಸಂಕೋಚಪಟ್ಟರು. “ಬತ್ತದೆ ಬುಡಿ. ಮುಂಚೇನೇ ಆಕ್ಬುಡಿ” ಎಂದಳು ಇವಳು. ಹೀಗೆ ಒಬ್ಬೊಬ್ಬರಾಗಿ ಹನ್ನೆರಡು ಹೆಂಗಸರಾದರು. ಕಾಲು ತುಳಿದಲ್ಲಿ ಪಾರ್ಥೇನಿಯಂ ಸತ್ತಿತು, ಉಳಿದದ್ದನ್ನು ಅವರೇ ಕಿತ್ತರು. ಎಮ್ಮೆಗಳು ಬೇಸತ್ತು ಬೇರೆ ಕಡೆ ಹೋದವು.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. “ಜಾಸ್ತಿಯಾಗಿದೆಯಲ್ರೀ. ವಾಕಿಂಗ್ ಮಾಡ್ತಿಲ್ವಾ?”

“ಒಂದು ದಿನವೂ ತಪ್ಪಿಲ್ಲ ಸಾರ್. ಹನ್ನೊಂದು ಸುತ್ತು” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ನೋಟ್‌ಬುಕ್ಕನ್ನೂ ತೋರಿಸಿದೆ. ಅವರು ಪುಟ ತಿರುಗಿಸಿ ತಿರುಗಿಸಿ ನೋಡಿ, ಮಾತ್ರೆಯ ಹೆಸರನ್ನೇ ಬದಲಾಯಿಸಲು ಹೊರಟಾಗ, ಹಿಂದೆ ನಿಂತಿದ್ದ ಮಹದೇವಮ್ಮನಿಗೆ ತಡೆಯಲಾಗಲಿಲ್ಲ. “ಸಾ, ಸುತ್ತು ಆಕಿದ್ದು ನಾನು. ಇವ್ರ ಎಸ್ರಲ್ಲಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅವಳನ್ನೇ ಕೂರಿಸಿ ಬಿಪಿ ನೋಡಿದರು, ಹೋದ ವರ್ಷ ತೋರಿಸಿದ್ದ ಮಂಡಿನೋವು ಹೇಗಿದೆ ಎಂದು ಕೇಳಿದರು. ಮಂಡಿ ನೋಯುತ್ತಿತ್ತು ಎಂಬುದೇ ಅವಳಿಗೆ ಮರೆತುಹೋಗಿತ್ತು. “ನೋಡಿಯಮ್ಮಾ, ದೇವಸ್ಥಾನದಲ್ಲಿ ಹೇಗೋ ನನಗೆ ಗೊತ್ತಿಲ್ಲ. ಪಾರ್ಕಿನಲ್ಲಿ ಯಾರು ನಡೀತಾರೋ ಫಲ ಅವರಿಗೇ ಸೇರೋದು” ಎಂದರು. ಹೊರಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: “ನಾಳೆಯಿಂದ ನೀವೇ.”

ನಾಳೆ ಎಂದೆ. ಮಾರನೆಯ ದಿನವೂ ನಾಳೆ ಎಂದೆ. “ನೀವೊಂದು ಸುತ್ತು ಆಕುದ್ರೆ ನಾನು ಒಂದಿನ ಈ ಕಲ್ಮೇಲೆ ಕೂರ್ತಿದ್ದೆ” ಎಂದು ಗೊಣಗಿ, ಅವಳೇ ಹೊರಡುತ್ತಿದ್ದಳು. ಹೀಗೆಯೇ ಎಷ್ಟೋ ವರ್ಷ ಹೋದವು. ನಾನು ನಿವೃತ್ತನಾದೆ, ಕೂರುವುದರಿಂದ ಮಾತ್ರ ಆಗಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಪಾರ್ಕಿಗೆ ಬೇಲಿ, ಗೇಟು, ಸಿಮೆಂಟು ಹಾದಿ ಬಂದವು. ಅಳತೆಗೆ ಬಂದ ಎಂಜಿನಿಯರು ನಕ್ಷೆಯನ್ನು ಸುತ್ತಿಟ್ಟು, ಹೆಂಗಸರ ಕಾಲು ಮಾಡಿದ ಹಾದಿಯೇ ಚೆನ್ನಾಗಿದೆ, ಅದರ ಮೇಲೇ ಸಿಮೆಂಟು ಹಾಕಿ ಎಂದರು. ಹೊಂಗೆ ಮರದ ಹತ್ತಿರ ಮಾತ್ರ ನಿಂತರು. “ಇಲ್ಲಿ ಯಾಕಮ್ಮ ಡೊಂಕು?”

“ಅದು ನಮ್ ಯಜಮಾನ್ರ ಕಾಲು ಸಾ” ಎಂದಳು ಮಹದೇವಮ್ಮ.

ಅಷ್ಟೂ ಹೆಂಗಸರು ನಕ್ಕರು. ಎಂಜಿನಿಯರು ನನ್ನ ಕಾಲನ್ನು ನೋಡಿ, ಡೊಂಕನ್ನು ಡೊಂಕಾಗಿಯೇ ಉಳಿಸಿದರು. ಊರಿನಲ್ಲಿ ಕೆಲವರ ಹೆಸರು ಕಲ್ಲಿನ ಮೇಲೆ ಇದೆ, ಕೆಲವರದು ಬೀದಿಗೆ ಇದೆ. ಸಿಮೆಂಟಿನಲ್ಲಿ ಕಾಲು ಚಾಚಿ ಕೂತವನು ನಾನೊಬ್ಬನೇ. ಗೇಟಿನ ಮೇಲೆ ಬೇರೆ ಹೆಸರು ಬರೆದಿದ್ದಾರೆ, ಆದರೆ ಆಟೋದವರಿಗೆ ಆ ಹೆಸರು ಹೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಮಾದೇವಮ್ಮನ ಪಾರ್ಕು ಎಂದರೆ ಸೀದಾ ತಂದು ಬಿಡುತ್ತಾರೆ. ಇದನ್ನು ಹೇಳಿಕೊಳ್ಳುವಾಗ ನನಗೆ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಡಾಕ್ಟರು ಅದನ್ನು ಬೇಡ ಎಂದಿಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಅವಳಿಗೆ ಜ್ವರ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಎರಡನೆಯ ಬೆಳಿಗ್ಗೆ ಸಾವಿತ್ರಮ್ಮನವರನ್ನು ಅವಳ ಹತ್ತಿರ ಕೂರಿಸಿ ನಾನು ಪಾರ್ಕಿಗೆ ಬಂದೆ. ಅವಳ ಹೆಸರು, ನಕ್ಷತ್ರ ಹೇಳಿಕೊಂಡು ಹೊರಟೆ. ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ಹನ್ನೊಂದೂ ಹಾಕಿದೆ. ನಾಲ್ಕನೆಯದಕ್ಕೆ ಏದುಸಿರು, ಏಳನೆಯದಕ್ಕೆ ಮೀನಖಂಡ ಹಿಡಿದುಕೊಂಡಿತು, ನಿಲ್ಲಲಿಲ್ಲ. ಐದು ಬೆಳಿಗ್ಗೆ ಹಾಗೆ ಹಾಕಿದೆ. ಅವಳಿಗೆ ಹೇಳಿದಾಗ ಕಣ್ಣು ಬಿಟ್ಟು, “ಡೊಂಕಿನ ತಾವ ಬಳಸ್ಕಂಡ್ ಓದ್ರಾ?” ಎಂದು ಕೇಳಿದಳು. ಹೌದು ಎಂದೆ. ನಕ್ಕಳು. ಆರನೆಯ ದಿನ ಹೋಗಿಬಿಟ್ಟಳು.

ಡಾಕ್ಟರ ಮಾತು ಸರಿಯಾಗಿತ್ತು. ಆ ತಿಂಗಳು ನನ್ನ ಸಕ್ಕರೆ ಇಳಿದಿತ್ತು.

ಈಗ ದಿನಾ ನಡೆಯುತ್ತೇನೆ. ಹೆಂಗಸರು ದಾರಿ ಬಿಟ್ಟುಕೊಡುತ್ತಾರೆ, ಹೊಸಬರಿಗೆ ಡೊಂಕಿನ ಕಥೆ ಹೇಳುತ್ತಾರೆ, ನಾನು ಕೇಳಿಸದವನಂತೆ ಕತ್ತೆತ್ತಿ ಹೋಗುತ್ತೇನೆ. ನೋಟ್‌ಬುಕ್ಕಿನಲ್ಲಿ ನನ್ನದೇ ಹೊತ್ತು ಬರೆದುಕೊಳ್ಳುತ್ತೇನೆ. ತಡವಾಗುತ್ತದೆ, ಹುಲ್ಲಹಳ್ಳಿ ಬಸ್ಸಿಗಿಂತಲೂ. ಹೊಂಗೆ ಮರದ ಕೆಳಗಿನ ಕಲ್ಲು ಖಾಲಿ ಇದೆ. ಅವಳು ಅದರ ಮೇಲೆ ಒಂದು ದಿನವೂ ಕೂರಲಿಲ್ಲ.